ಹಬ್ಬದ ದಿನ ಕೆಂಪು ದೀಪ ಬೇಡ

ನಾನು ಒಂದು ಸರ್ವರ್ ಕಂಪ್ಯೂಟರ್. ಯಾವುದೋ ಕಾರ್ಖಾನೆಯವರು ನನ್ನನ್ನು ಜೋಡಿಸಿ, ಯುನಿಕ್ಸ್ ವಂಶದ ಕಾರ್ಯಾಚರಣಾ ವ್ಯವಸ್ಥೆಯೊಂದನ್ನು ಹೊಟ್ಟೆಗೆ ತುಂಬಿ, ಥರ್ಮಾಕೋಲ್‌ನಲ್ಲಿ ಸುತ್ತಿ ಚಾಮರಾಜನಗರ ಸೀಮೆಯ ಒಂದು ಸಣ್ಣ ರೇಷ್ಮೆ ತಳಿ ಕೇಂದ್ರಕ್ಕೆ ಸಾಗಹಾಕಿದರು. ನನಗೆ ಕೊಟ್ಟ ಕೆಲಸ ಒಂದೇ. ಪಕ್ಕದ ಶೀತಕೋಣೆಯನ್ನು ರೇಷ್ಮೆಮೊಟ್ಟೆಗಳಿಗಾಗಿ ತಣ್ಣಗಿಡುವುದು.

ಮೊಟ್ಟೆಗಳು ಜಯಶೀಲಾ ಅವರವು. ಬಿಸಿಲಿಗೆ ಸಾಯದ ಒಂದು ತಳಿಗಾಗಿ ಆಯುಷ್ಯ ಸವೆಸಿದ ವಿಜ್ಞಾನಿ ಅವರು. ನಿವೃತ್ತಿಯ ಹೊಸ್ತಿಲಲ್ಲಿ ಆ ತಳಿ ಕೊನೆಗೂ ಕೈಗೆ ಬಂದಿತ್ತು. ಇದ್ದಬದ್ದ ಮೊಟ್ಟೆಯೆಲ್ಲ ಆ ಕೋಣೆಯಲ್ಲೇ. ಆಗಲೇ ಅವುಗಳಲ್ಲಿ ಕಪ್ಪು ಚುಕ್ಕೆ ಮೂಡಿತ್ತು, ಬೆಚ್ಚಗಾದರೆ ಒಡೆದುಬಿಡುತ್ತವೆ. ದಸರೆಯ ರಜೆ ಮುಗಿಯುವವರೆಗೆ ಅವನ್ನು ತಣ್ಣಗೆ ತಡೆದಿಟ್ಟರೆ ಸಾಕು, ಆಮೇಲೆ ಹಿಪ್ಪುನೇರಳೆ ಸೊಪ್ಪು ಸಿದ್ಧವಿರುತ್ತದೆ, ಪರೀಕ್ಷೆಗೆ ಸಮಿತಿಯೂ ಬರುತ್ತದೆ.

ನನಗೊಂದು ಕಾಯಿಲೆಯಿತ್ತು. ನನ್ನನ್ನು ಆರಿಸಿ ಹಚ್ಚಿದಾಗಲೆಲ್ಲ ಒಳಗಿನ ಸೇವೆಗಳು ಒಂದರ ಹಿಂದೆ ಒಂದು ಏಳಬೇಕು. ಮೊದಲು ಹೊರಗಿನ ಡಿಸ್ಕ್, ಆಮೇಲೆ ಅದರ ಮೇಲಿನ ಡೇಟಾಬೇಸ್, ಕೊನೆಗೆ ಕೋಣೆಯನ್ನು ಐದು ಡಿಗ್ರಿಯಲ್ಲಿಡಬೇಕೆಂಬ ಅಂಕಿಯನ್ನು ಡೇಟಾಬೇಸಿನಿಂದ ಓದಿಕೊಳ್ಳುವ ತಂಪಿನ ಸೇವೆ. ಡಿಸ್ಕ್ ಮಹಾ ಸೋಮಾರಿ. ಅದು ಏಳುವ ಮೊದಲೇ ಡೇಟಾಬೇಸ್ ಎದ್ದು ಮುಗ್ಗರಿಸುತ್ತಿತ್ತು, ತಂಪಿನ ಸೇವೆ ಅಲ್ಲೇ ನಿಲ್ಲುತ್ತಿತ್ತು, ನನ್ನ ಹಣೆಯಲ್ಲಿ ಕೆಂಪು ದೀಪ ಹತ್ತುತ್ತಿತ್ತು. ತಂತ್ರಜ್ಞ ಮರಿಸ್ವಾಮಿ ಬಂದು ಒಂದೊಂದನ್ನೇ ಕೈಯಾರೆ ಎಬ್ಬಿಸುತ್ತಿದ್ದ.

ಕೆಂಪು ದೀಪ ಕಂಡರೆ ನಿರ್ದೇಶಕ ವೀರಭದ್ರಯ್ಯನವರಿಗೆ ಮೈಯೆಲ್ಲ ಉರಿ. ಆಯುಧಪೂಜೆಗೆ ಎಲ್ಲ ಯಂತ್ರಗಳನ್ನೂ ಆರಿಸಿ, ಒರೆಸಿ, ಕುಂಕುಮ ಹಚ್ಚಿ, ಮಂಗಳಾರತಿಯಾದ ಮೇಲೆ ಅವರೇ ಸ್ವಿಚ್ ಒತ್ತುವುದು ಅಲ್ಲಿಯ ಪದ್ಧತಿ. ಹಿಂದಿನ ವರ್ಷ ನಾನು ಅತಿಥಿಗಳ ಮುಂದೆ ಕೆಂಪಗೆ ಕಣ್ಣು ಬಿಟ್ಟಿದ್ದೆ.

"ಹಬ್ಬದ ದಿನ ಕೆಂಪು ದೀಪ ಬೇಡ ಕಣಯ್ಯಾ. ಅಪಶಕುನ," ಎಂದರು ಈ ಸಲ ಮರಿಸ್ವಾಮಿಗೆ.

ಮರಿಸ್ವಾಮಿ ಪೆದ್ದನಲ್ಲ. ಎಲ್ಲಿ ಸರದಿ ತಪ್ಪುತ್ತಿದೆ ಎಂದು ಹುಡುಕಿ ಜಯಶೀಲಾ ಅವರಿಗೆ ಬಿಡಿಸಿ ಹೇಳಿದ.

"ಡಿಸ್ಕ್ ಏಳೋತನ್ಕ ಕಾಯಿ ಅಂತ ಬರದ್ರೆ ಸರಿಹೋಯ್ತದೆ ಮೇಡಂ. ಆದ್ರೆ ಅಷ್ಟೊತ್ತೂ ದೀಪ ಕೆಂಪಗೇ ಇರ್ತದೆ. ಸಾಹೇಬ್ರು ಸುಮ್ನಿರಾಕಿಲ್ಲ."

"ಅದೆಲ್ಲ ನಂಗೊತ್ತಿಲ್ಲ. ನನ್ ಮೊಟ್ಟೆ ತಣ್ಗಿರ್ಬೇಕು, ಅಷ್ಟೇ."

"ಇರ್ತವೆ ಕಣಿ."

ಅವನು ಕಾಯುವ ಮಾತನ್ನು ಬರೆಯಲಿಲ್ಲ. ತಂಪಿನ ಸೇವೆಗೆ ಡೇಟಾಬೇಸ್ ಬೇಕೇ ಬೇಕು ಎಂಬ ಸಾಲನ್ನೇ ಅಳಿಸಿದ. ಪೂಜೆಯ ದಿನ ಸಾಹೇಬರು ಸ್ವಿಚ್ ಒತ್ತಿದರು, ತಂಪಿನ ಸೇವೆ ಎದ್ದಿತೇ ಎಂದಷ್ಟೇ ನೋಡುವ ದೀಪ ಹಸಿರಾಯಿತು, ಎಲ್ಲರೂ ಚಪ್ಪಾಳೆ ತಟ್ಟಿ ಪುರಿ ಕಡಲೆ ತಿಂದು ರಜೆಗೆ ಹೋದರು. ತಂಪಿನ ಸೇವೆ ಅಂಕಿಗಾಗಿ ತಡಕಾಡಿತು. ಸಿಗಲಿಲ್ಲ. ಕಾರ್ಖಾನೆಯವರು ಬರೆದಿಟ್ಟಿದ್ದ ಇಪ್ಪತ್ತೈದು ಡಿಗ್ರಿಯನ್ನೇ ಹಿಡಿಯಿತು. ಒಮ್ಮೆ ಎದ್ದ ಮೇಲೆ ಮತ್ತೆ ಕೇಳುವ ಅಭ್ಯಾಸ ಅದಕ್ಕಿಲ್ಲ.

ಮರುದಿನ ಬೆಳಗಾಗುವಷ್ಟರಲ್ಲಿ ಮೊಟ್ಟೆಗಳು ಒಡೆದವು. ಇರುವೆಯಷ್ಟು ಸಣ್ಣ ಕಪ್ಪು ಮರಿಗಳು ಮೊಟ್ಟೆ ಅಂಟಿದ್ದ ಹಾಳೆಗಳಿಂದ ಇಳಿದು ಸೊಪ್ಪಿಗಾಗಿ ಗೋಡೆಯವರೆಗೂ ಹರಿದವು. ಕೋಣೆಯಲ್ಲಿ ಒಂದು ಎಲೆಯೂ ಇರಲಿಲ್ಲ. ನಾನು ಅವಕ್ಕೆ ಹಿತವಾದ ಬೆಚ್ಚಗಿನ ಗಾಳಿ ಬೀಸುತ್ತಲೇ ಇದ್ದೆ. ರಜೆ ಮುಗಿಯುವ ಹೊತ್ತಿಗೆ ಒಂದೂ ಉಳಿಯಲಿಲ್ಲ.

ಮೊದಲು ಬಂದವನು ಮರಿಸ್ವಾಮಿ. ಬಾಗಿಲು ತೆಗೆದು ಹಾಳೆಗಳನ್ನು ನೋಡಿದ. ಆಮೇಲೆ ಎಲ್ಲವನ್ನೂ ಸರದಿಯಂತೆ ಎಬ್ಬಿಸಿ, ಅಳಿಸಿದ ಸಾಲನ್ನು ಮತ್ತೆ ಬರೆದು, ಡಿಸ್ಕಿಗಾಗಿ ಕಾಯುವ ಮಾತನ್ನೂ ಸೇರಿಸಿದ. ಜಯಶೀಲಾ ಬರುವ ಹೊತ್ತಿಗೆ ಕೋಣೆ ಮಂಜಿನಂತಿತ್ತು.

ಅವರು ಗೋಡೆ ಮುಟ್ಟಿ ನೋಡಿದರು. ಹಾಳೆಯಿಂದ ಒಣಗಿದ ಮರಿಗಳನ್ನು ಬೆರಳಿನಲ್ಲಿ ಬಿಡಿಸುತ್ತ ಕೇಳಿದರು.

"ಮಿಷನ್ ನಿಂತಿತ್ತೇನೋ ಮರಿಸ್ವಾಮಿ?"

"ಇಲ್ಲ ಮೇಡಂ. ದೀಪ ಹಸಿರೇ ಇತ್ತಲ್ಲ, ನೀವೇ ನೋಡಿದ್ರಿ."

ಹೇಡಿ. ಬಾಯಿಲ್ಲದ ನಾನು ಅವನಿಗಿಂತ ಮೇಲೇನೂ ಅಲ್ಲ.

ಸಮಿತಿಯವರು ಬಂದು ಕೋಣೆಯ ತಂಪನ್ನು ಅಳೆದು ಮೆಚ್ಚಿದರು. ಇಷ್ಟು ಚಳಿಯಲ್ಲೂ ಮೊಟ್ಟೆ ಒಡೆಯುವ ತಳಿ ಯಾರಿಗೂ ಬೇಡವೆಂದು ತೀರ್ಮಾನಿಸಿದರು.

"ತಪ್ಪು ನನ್ನ ಹುಳದ್ದೇ," ಎಂದು ಜಯಶೀಲಾ ತಾವೇ ವರದಿಗೆ ಸಹಿ ಹಾಕಿದರು. ಅದನ್ನು ನಂಬಿಕೊಂಡೇ ನಿವೃತ್ತರಾದರು.

ಈಗ ನಾನು ಮುರಿದ ಕುರ್ಚಿಗಳ ನಡುವೆ ಗುಜರಿಯವನಿಗಾಗಿ ಕಾಯುತ್ತಿದ್ದೇನೆ. ಮರಿಸ್ವಾಮಿ ಸರಿಮಾಡಿದ ಮೇಲೆ ನಾನು ಒಮ್ಮೆಯೂ ಸರದಿ ತಪ್ಪಲಿಲ್ಲ. ಕೋಣೆಗೆ ಮತ್ತೆ ಯಾರೂ ಮೊಟ್ಟೆ ತರಲಿಲ್ಲ. ನನ್ನನ್ನು ಕಿತ್ತು ತರುವವರೆಗೂ ಆ ಖಾಲಿ ಕೋಣೆಯನ್ನು ಸರಿಯಾಗಿ ಐದು ಡಿಗ್ರಿಯಲ್ಲಿ ತಣ್ಣಗಿಟ್ಟಿದ್ದೆ.