ಕಿಟಕಿಯ ಕಟ್ಟೆಯ ಮೇಲಿನ ಬಾಟಲಿ

ಆ ದಿನ ಬೆಳಗ್ಗೆ ಎಂಟಕ್ಕೇ ಬಿಸಿಲು ಚುರುಗುಟ್ಟುತ್ತಿತ್ತು. ಬಸ್ ಡಿಪೋದ ಅಂಗಳದಲ್ಲಿ ಬರಿಗಾಲಿಡುವಂತಿರಲಿಲ್ಲ. ಡ್ರೈವರಣ್ಣನ ಬ್ಯಾಡ್ಜು ಮ್ಯಾನೇಜರ ಡ್ರಾಯರು ಸೇರಿ ಹತ್ತು ದಿನವಾಗಿತ್ತು. ವರ್ಷದ ತಪಾಸಣೆಯಲ್ಲಿ ಅವನ ಮೂತ್ರದಲ್ಲಿ ಮದ್ಯ ಕಂಡಿತ್ತು. ಒಂದು ಹನಿಯನ್ನೂ ಮುಟ್ಟಿದವನಲ್ಲ. ಆದರೂ ಇಂದು ನಿಜ ಹೊರಬೀಳದಿದ್ದರೆ ಇಪ್ಪತ್ತೆರಡು ವರ್ಷದ ಸ್ಟೀರಿಂಗು ಕೈತಪ್ಪಿದಂತೆಯೇ.

ಜೊತೆಗೆ ಬಂದಿದ್ದ ಹೆಂಡತಿ ಮಾತ್ರ ಕದಲಿರಲಿಲ್ಲ. ಕುಡಿದಿದ್ದರೆ ಅಂದೇ ಬಾಯಿಬಿಡುತ್ತಿದ್ದರು, ಇವರ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲ ಎಂದು ಮ್ಯಾನೇಜರಿಗೇ ಹೇಳಿದ್ದಳು. ಅವಳ ತಲೆಬಿಸಿ ಬೇರೆ: ಮೊಮ್ಮಗಳಿಗೆ ಸಿಹಿತಿಂಡಿ ಇಡುವ ಬೀರುವಿನ ಎರಡು ಬೀಗದ ಕೈಗಳಲ್ಲಿ ಒಂದು ತಿಂಗಳಿಂದ ಕಾಣೆಯಾಗಿತ್ತು.

ಮೂತ್ರವನ್ನು ಮತ್ತೆ ಪರೀಕ್ಷಿಸಿದ್ದ ಪ್ರಯೋಗಾಲಯದ ಪರೀಕ್ಷಕಿ ಬಂದವಳೇ, ಆ ಬಾಟಲಿಯನ್ನು ಕಳಿಸುವ ಮೊದಲು ಎಲ್ಲಿಟ್ಟಿದ್ದಿರಿ ಎಂದು ಡಿಪೋದ ಕಾಂಪೌಂಡರನನ್ನು ಕೇಳಿದಳು. ಫ್ರಿಜ್ ಕೆಟ್ಟಿತ್ತು, ಮೂರು ದಿನ ಕಿಟಕಿಯ ಕಟ್ಟೆಯ ಮೇಲಿತ್ತು ಎಂದು ಅವನು ತಲೆ ಕೆರೆದುಕೊಂಡ. ಅವಳು ಕಟ್ಟೆಯ ಮೇಲೆ ಅಂಗೈ ಇಟ್ಟು, ಸುಟ್ಟಂತಾಗಿ ಹಿಂತೆಗೆದು, ನಕ್ಕಳು.

"ಯಜಮಾನ್ರೇ, ಮದ್ಯ ಮೈಯೊಳಗೆ ಹೋದ್ರೆ ಲಿವರ್ ಸುಮ್ನೆ ಬಿಡಲ್ಲ. ಅರಗಿಸ್ತಾ ಅರಗಿಸ್ತಾ ಒಂದಿಷ್ಟಕ್ಕೆ ತನ್ನ ರುಜು ಹಾಕಿ ಹೊರಗೆ ಕಳಿಸುತ್ತೆ. ನಿಮ್ಮ ಬಾಟಲೀಲಿ ಮದ್ಯ ಇದೆ, ಆ ರುಜು ಇಲ್ಲ. ಮೂತ್ರದಲ್ಲಿ ಸಕ್ಕರೆ ಇತ್ತು, ಹುಳಿ ಬರಿಸೋ ಯೀಸ್ಟ್ ಇತ್ತು, ಮೂರು ದಿನದ ಬಿಸಿಲು ಸಿಕ್ತು. ಕುಡಿದದ್ದು ನೀವಲ್ಲ, ಬಾಟಲಿ."

ಡ್ರೈವರಣ್ಣ ಎದೆಯ ಮೇಲೆ ಕೈಯಿಟ್ಟುಕೊಂಡ. ಯಾರೂ ನೋಡದಾಗಲೂ ನಿಜವನ್ನೇ ಬರೆದಿಡುವ ಸಾಕ್ಷಿಯನ್ನು ದೇವರು ಒಳಗೇ ಕೂರಿಸಿದ್ದಾನಲ್ಲ ಎಂದು ಅವನ ಕಣ್ಣು ತುಂಬಿತು. ಮ್ಯಾನೇಜರು ಬ್ಯಾಡ್ಜನ್ನು ತಮ್ಮ ಅಂಗಿಯ ಚುಂಗಿನಲ್ಲೇ ಒರೆಸಿ ಅವನೆದೆಗೆ ಸಿಕ್ಕಿಸಿದರು. ಕಾಂಪೌಂಡರ ಫ್ರಿಜ್ಜಿನ ಕಡೆ ನೋಡಿ ಹಲ್ಲುಕಡಿದ.

ಹೆಂಡತಿ ಮಾತ್ರ ಹುಬ್ಬು ಗಂಟಿಕ್ಕಿದಳು.

"ಅದೆಲ್ಲ ಸರಿ ಕಣಮ್ಮ. ಸಕ್ಕರೆ ಕಾಯಿಲೆ ಅಂತ ಡಾಕ್ಟ್ರು ಹೇಳಿದ ಮೇಲೆ ನಾನು ಇವರ ಕಾಫಿಗೂ ಸಕ್ಕರೆ ಹಾಕಲ್ಲ. ಅಷ್ಟು ಸಕ್ಕರೆ ಬಂದಿದ್ದೆಲ್ಲಿಂದ?"

ಅದು ತನ್ನ ಪರೀಕ್ಷೆಗೆ ಬರುವುದಿಲ್ಲ ಎಂದು ಪರೀಕ್ಷಕಿ ಚೀಲ ಹೆಗಲಿಗೇರಿಸಿದಳು. ಮ್ಯಾನೇಜರು ಕಡತದೊಳಗೆ ಮುಖ ಹುದುಗಿಸಿದರು. ಡ್ರೈವರಣ್ಣ ಹೊರಗಿನ ಬಸ್ಸುಗಳನ್ನೊಮ್ಮೆ ನೋಡಿದ. ಆಮೇಲೆ ಜೇಬಿಗೆ ಕೈಹಾಕಿ, ಪುಟ್ಟ ಬೀಗದ ಕೈಯೊಂದನ್ನು ಹೆಂಡತಿಯ ಅಂಗೈಯಲ್ಲಿ ಮೆಲ್ಲಗೆ ಇಟ್ಟ.