ಎಣಿಸದ ಉಸಿರು

ಫ್ಯಾನು ಮತ್ತೆ ಈ ಕಡೆ ಮುಖ ತಿರುಗಿಸಿತು, ಒಂದು ಕ್ಷಣ ನಿಂತು ನೋಡಿ, ಗೊತ್ತು ಬಿಡು ಅನ್ನುವವರ ಹಾಗೆ ತಲೆ ಕೊಡವಿ ಆ ಕಡೆ ಹೋಯಿತು — ಅದಕ್ಕೂ ಗೊತ್ತಾಗಿರಬೇಕು, ವಾರ್ಡಿನಲ್ಲಿ ಎಲ್ಲರಿಗೂ ಗೊತ್ತಾಗಿರಬೇಕು, ಅಂದುಕೊಂಡಳು ಫ್ಲೋರ್ದೆಲಿಸ, ಬೆಂಚಿನ ತುದಿಯಲ್ಲಿ ಬಿಳಿ ಸಮವಸ್ತ್ರದ ಅಂಚನ್ನು ಮಂಡಿಯ ಮೇಲೆ ಎಳೆದುಕೊಳ್ಳುತ್ತ, ಇಲ್ಲದಿದ್ದರೆ ಮ್ಯಾಡಂ ಪಾಲ್ಮಾರೆಸ್ ಒಬ್ಬೊಬ್ಬರನ್ನೇ ಒಳಗೆ ಯಾಕೆ ಕರೆಯುತ್ತಾರೆ, ಮೂರು ವರ್ಷದಿಂದ ನರ್ಸಿಂಗ್ ಕಲಿಸುತ್ತಿರುವ ಹೆಂಗಸು, ಬೈಯುವುದಿದ್ದರೆ ಎಲ್ಲರೆದುರೇ ಬೈದು ಕೈ ತೊಳೆದುಕೊಳ್ಳುವವರು, ಇವತ್ತು ಬಾಗಿಲು ಹಾಕಿಕೊಂಡಿದ್ದಾರೆ, ಬಾಗಿಲು ಹಾಕಿಕೊಂಡು ಕೇಳುವ ಪ್ರಶ್ನೆ ಒಂದೇ, ಒಂಬತ್ತನೇ ಹಾಸಿಗೆಯ ಅಜ್ಜನ ಉಸಿರು ಎಣಿಸಿದ್ದು ಯಾರು. ಅವಳೇ. ಎಣಿಸಿದವಳಲ್ಲ, ಬರೆದವಳು. ಬೆಳಿಗ್ಗೆ ಎಂಟಕ್ಕೆ ಆರು ಜನರ ಜ್ವರ, ನಾಡಿ, ಒತ್ತಡ, ಉಸಿರು, ಒಬ್ಬೊಬ್ಬರ ಉಸಿರಿಗೂ ಗಡಿಯಾರ ನೋಡುತ್ತ ಪೂರಾ ಒಂದು ನಿಮಿಷ ನಿಲ್ಲಬೇಕು, ಯಾರು ನಿಲ್ಲುತ್ತಾರೆ, ಸಂಜೆ ಪಾಳಿಯವರು ಕಪ್ಪು ಶಾಯಿಯಲ್ಲಿ 20 ಬರೆದಿದ್ದರು, ರಾತ್ರಿಯವರು ಕೆಂಪಿನಲ್ಲಿ 20, ಇವಳು ಬೆಳಗಿನ ನೀಲಿಯಲ್ಲಿ 20, ಇಡೀ ವಾರ್ಡು ಚರ್ಚಿನ ಹಾಡುಗಾರರ ಹಾಗೆ ಒಟ್ಟಿಗೆ ನಿಮಿಷಕ್ಕೆ ಇಪ್ಪತ್ತು ಸಲ ಉಸಿರೆಳೆದು ಬಿಡುತ್ತಿತ್ತು — ಹತ್ತು ಗಂಟೆಗೆ ಆ ಅಜ್ಜ, ಟಾಟಾಯ್ ಅಂಬ್ರೋಸಿಯೊನ ತುಟಿ ನೇರಳೆಯಾಯಿತು, ಗಾಲಿಮಂಚ ಓಡಿತು, ಹಾಸಿಗೆ ಖಾಲಿ, ದಿಂಬಿನ ಮೇಲೆ ತಲೆಯ ಗುಳಿ ಹಾಗೇ ಉಳಿಯಿತು.

ಹೇಳಿದವರು ಯಾರು. ಅಜ್ಜನ ಹೆಂಡತಿ ನಾನಾಯ್ ಸೊಲೆದಾದ್ ಇರಬಹುದು, ನಾಲ್ಕು ದಿನದಿಂದ ಮಂಚದ ಕೆಳಗೆ ರಟ್ಟು ಹಾಸಿಕೊಂಡು ಗಂಡನನ್ನು ಕಾಯುತ್ತಿರುವ ಮುದುಕಿ, ಜಪಮಣಿ ಎಣಿಸುತ್ತಲೇ ಇವಳ ಪೆನ್ನಿನ ಮೇಲೆ ಕಣ್ಣಿಟ್ಟಿದ್ದಳು, ಆಯ್ತಾ ಇಂದಾಯ್, ಆಯ್ತಾ ಮಗಳೇ, ಇಷ್ಟು ಬೇಗ ಆಗ್ಹೋಯ್ತಾ ಅಂದಿದ್ದಳು, ಆ ಮಾತಿನಲ್ಲಿ ಮುಳ್ಳಿತ್ತೋ, ಬರೀ ಮಾತೋ. ಅಲ್ಲ, ಮುದುಕಿಯಲ್ಲ. ಜೆಸೆಲ್. ಒಂದೇ ಕೋಣೆಯಲ್ಲಿ ಮೂರು ವರ್ಷ, ಒಂದೇ ಬೋಗುಣಿಯಲ್ಲಿ ಅನ್ನ ಮತ್ತು ಒಣಮೀನು, ನಿನ್ನ ತೋಳೇ ನನ್ನ ಪಿನ್ನುದಿಂಬು ಕಣೇ ಅಂತ ನಕ್ಕು ಸೂಜಿ ಚುಚ್ಚಿ ಕಲಿತವಳು — ಹತ್ತೂವರೆಗೆ ಬಂದು ನೀಲಿ ಪೆನ್ನು ಕೇಳಿದಳಲ್ಲ, ತನ್ನದಿರಲಿಲ್ಲವೇ, ಇತ್ತು, ಜೇಬಿನಲ್ಲಿ ಕಾಣುತ್ತಿತ್ತು, ಆಮೇಲೆ ಒಂಬತ್ತನೇ ಹಾಸಿಗೆಯ ಕಡತ ಹಿಡಿದು ಕಿಟಕಿ ಕಡೆ ತಿರುಗಿ ನಿಂತಿದ್ದಳು, ಈಗ ಮ್ಯಾಡಂ ಕೋಣೆಯಿಂದ ಹೊರಬಂದವಳು ಇವಳತ್ತ ತಿರುಗಿಯೂ ನೋಡದೆ ಮೆಟ್ಟಿಲಿಳಿದು ಹೋಗಿದ್ದಾಳೆ. ಎಣಿಸದೆ ಬರೆದವಳು ನನ್ನ ತರಗತಿಯಲ್ಲಿರಲ್ಲ ಅಂತ ಮೊದಲ ದಿನವೇ ಮ್ಯಾಡಂ ಹೇಳಿದ್ದರು, ಹೋದ ವರ್ಷ ಒಬ್ಬಳನ್ನು ಕಳಿಸಿಯೂ ಬಿಟ್ಟರು, ಅವಳೀಗ ಅಂಗಡಿಯಲ್ಲಿ ಚಪ್ಪಲಿ ಮಾರುತ್ತಾಳೆ. ಅಲ್ಲಿ ಊರಲ್ಲಿ, ಆಂತಿಕೆಯಲ್ಲಿ, ಲೋಲಾ ಮೊಂಬತ್ತಿ ಹಚ್ಚಿ ಕೂತಿರುತ್ತಾಳೆ, ಐವತ್ತು ವರ್ಷ ಊರಿನ ಹೆರಿಗೆ ಮಾಡಿಸಿದ ಅಜ್ಜಿ, ನಾನು ಅಂಗೈಯಲ್ಲಿ ಮಾಡಿದ್ದನ್ನ ನನ್ನ ಮೊಮ್ಮಗಳು ಪುಸ್ತಕದಲ್ಲಿ ಮಾಡ್ತಾಳೆ ಅಂತ ದಾರಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ಹೇಳುವವಳು — ಅವಳಿಗೆ ಏನು ಹೇಳುವುದು, ತಾಯಿ ಮರಿಯಾ, ಏನು ಹೇಳುವುದು.

ಮೆಟ್ಟಿಲ ಮೇಲೆ ಹೆಜ್ಜೆ, ಜೆಸೆಲ್ಲೇ, ಕೈಯಲ್ಲಿ ಬೆಲ್ಲ ಹತ್ತಿದ ಕರಿದ ಬಾಳೆಹಣ್ಣು, ಕಡ್ಡಿಗೆ ಚುಚ್ಚಿದ್ದು, ತಿನ್ನು ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು, ಅನ್ನುತ್ತಾಳೆ, ಯೇಸುವನ್ನು ಹಿಡಿದುಕೊಟ್ಟ ಇಸ್ಕಾರಿಯೋತನೂ ಹೀಗೇ ಒಂದೇ ಬಟ್ಟಲಲ್ಲಿ ಕೈ ಅದ್ದಿದ್ದಲ್ಲವೇ, ಬೇಡ ಅಂತ ಮುಖ ತಿರುಗಿಸಿದರೆ ಅವಳು ಪಕ್ಕಕ್ಕೇ ಕೂತು, ಕಿವಿಯ ಹತ್ತಿರ, ಹೆದರ್ಬೇಡ ಕಣೇ, ನಿನ್ನ ಇಪ್ಪತ್ತನ್ನ ಇಪ್ಪತ್ತೆಂಟು ಮಾಡಿದೀನಿ, ನಿನ್ನದೇ ಪೆನ್ನಿಂದ, ಎಣಿಸಿಯೇ ಬರ್ದಿದ್ದು ಅನ್ಸುತ್ತೆ, ಯಾರ ಕಣ್ಣಿಗೂ ಬೀಳಲ್ಲ. ಸೊನ್ನೆಯ ಸೊಂಟ ಹಿಂಡಿದರೆ ಎಂಟು, ಅಷ್ಟೇ. ಒಂದು ಕ್ಷಣ ಎದೆ ಹಗುರಾಯಿತು, ಛೆ, ನಾನು ಇವಳನ್ನ ಏನೆಲ್ಲ ಅಂದುಕೊಂಡೆ — ಆಮೇಲೆ ಹೊಳೆಯಿತು. ಇಪ್ಪತ್ತು ಬರೆದವಳು ಸೋಮಾರಿ. ಇಪ್ಪತ್ತೆಂಟು ಬರೆದವಳು ನೋಡಿದವಳು, ಎಣಿಸಿದವಳು, ಅಜ್ಜ ಏದುಸಿರು ಬಿಡುತ್ತಿರುವುದು ಗೊತ್ತಿದ್ದೂ ಎರಡು ಗಂಟೆ ಬಾಯಿ ಮುಚ್ಚಿಕೊಂಡಿದ್ದವಳು. ಜೆಸೆಲ್‌ಗೆ ಇದು ಹೊಳೆಯಲಿಲ್ಲವೇ, ಪರೀಕ್ಷೆಯಲ್ಲಿ ಯಾವಾಗಲೂ ಇವಳಿಗಿಂತ ಎರಡು ಅಂಕ ಜಾಸ್ತಿ ತೆಗೆಯುವವಳಿಗೆ, ಉಳಿಸಲು ತಿದ್ದಿದಳೋ ಮುಳುಗಿಸಲು ತಿದ್ದಿದಳೋ, ಅವಳ ಕಣ್ಣು ನೋಡುತ್ತಾಳೆ, ಕಣ್ಣಲ್ಲಿ ನೀರಿದೆ, ನೀರು ಯಾರಿಗೆ ಬರುವುದಿಲ್ಲ. ಆಗಲೇ, ಕರೆಯದೆ, ಅದು ಕಣ್ಣ ಮುಂದೆ ಬಂತು — ಅಜ್ಜನ ಕೊರಳ ಬುಡದ ಹಳ್ಳ, ಎರಡು ಮೂಳೆಗಳ ನಡುವೆ, ಒಳಕ್ಕೆ ಜಗ್ಗಿ ತುಂಬುತ್ತಿತ್ತು, ದಡಕ್ಕೆಳೆದ ಮೀನಿನ ಕಿವಿರಿನ ಹಾಗೆ. ಅದನ್ನು ತಳ್ಳಿದಳು. ಹೋಯಿತು.

ಒಳಗೆ ಬಾ ಇಂದಾಯ್. ಮ್ಯಾಡಂ ಬೈಯುತ್ತಿಲ್ಲ, ದನಿ ಮೆತ್ತಗಿದೆ, ಅದೇ ಭಯ, ಕಡತ ತೆರೆದು ಇವಳ ಕಡೆಗೆ ತಿರುಗಿಸಿದ್ದಾರೆ, ಟಾಟಾಯ್ ಬದುಕಿದ್ದಾರೆ, ಉಸಿರಾಡಿಸಲು ಬಾಯಲ್ಲಿ ನಳಿಕೆ ಇಟ್ಟಿದ್ದಾರೆ, ಸಂಜೆವರೆಗೆ ಹೇಳಕ್ಕಾಗಲ್ಲ, ಅಂದು ಬೆರಳನ್ನು ನೀಲಿ ಅಂಕಿಯ ಕೆಳಗೆ ಇಡುತ್ತಾರೆ, ಇಪ್ಪತ್ತೆಂಟು ಎಣಿಸಿದವಳು ನನಗೆ ಯಾಕೆ ಹೇಳ್ಲಿಲ್ಲ. ಎಂಟರ ಸೊಂಟದಲ್ಲಿ ಶಾಯಿ ದಪ್ಪಗಿದೆ, ಮ್ಯಾಡಂ ಕಂಡಿರಬೇಕು, ಕಂಡೂ ಕೇಳುತ್ತಿದ್ದಾರೆ, ಇದು ನಾನು ತಿದ್ದಿದ್ದಲ್ಲ ಅಂದರೆ ಸಾಕು, ಜೆಸೆಲ್ ಹೋಗುತ್ತಾಳೆ, ನಾನು ಬರೀ ಸೋಮಾರಿಯಾಗಿ ಉಳಿಯುತ್ತೇನೆ, ಸೋಮಾರಿಗೆ ಒಂದು ವೇಳೆ ಕ್ಷಮೆಯಾದರೂ — ನಾಲಿಗೆ ತುದಿಯಲ್ಲಿತ್ತು ಹೆಸರು. ಬೆಳಿಗ್ಗೆಯಿಂದ ಫ್ಯಾನು, ಮುದುಕಿ, ಗೆಳತಿ, ಮ್ಯಾಡಂ, ಎಲ್ಲರ ಮುಖದಲ್ಲೂ ಹುಡುಕಿದಳಲ್ಲ, ಒಂದು ಮುಖ ಬಿಟ್ಟು.

"ನಾನು ಎಣಿಸಲೇ ಇಲ್ಲ, ಮ್ಯಾಡಂ," ಅಂದಳು. "ಆದ್ರೆ ನೋಡಿದ್ದೆ."

ನೋಡಿದ್ದೆಯಾ, ಏನು ನೋಡಿದ್ದೆ, ಮ್ಯಾಡಂ ಕೇಳುತ್ತಿದ್ದಾರೆ, ಕೇಳುತ್ತಲೇ ಇದ್ದಾರೆ, ಪೆನ್ನು ಕಾಗದದ ಮೇಲಿತ್ತು, ಅಜ್ಜ ಇವಳ ಮುಖವನ್ನೇ ನೋಡುತ್ತಿದ್ದ, ಹೇಳಲು ಬಾಯಿ ತೆರೆದಿದ್ದ, ಗಾಳಿ ಸಾಲದೆ ಮುಚ್ಚಿದ್ದ, ಇವಳು ಮುಗುಳ್ನಕ್ಕು ಎರಡು ಬರೆದು ಸೊನ್ನೆ ಸುತ್ತುತ್ತಿರುವಾಗ ಆ ಹಳ್ಳ, ಕೊರಳ ಬುಡದ ಆ ಹಳ್ಳ, ಒಳಕ್ಕೆ ಜಗ್ಗಿತು, ತುಂಬಿತು, ಜಗ್ಗಿತು — ಹಳ್ಳ — ಜಗ್ಗಿತು —