ಅತ್ತೆಯ ಕೈಗುಣ

ಒಂಬತ್ತನೇ ತರಗತಿಗೆ ರಕ್ತ ಪರಿಚಲನೆಯ ಪಾಠ ಮಾಡುವುದೆಂದರೆ ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ. ಅರಚಿ ಅರಚಿ ಗಂಟಲು ಕೆಡಿಸಿಕೊಂಡು, ರೇಗಿಕೊಂಡೇ ಮನೆಗೆ ಬಂದೆ. ಬಾಗಿಲಲ್ಲೇ ಬಿಸಿ ಎಣ್ಣೆಯ ವಾಸನೆ ಹೊಡೆಯಿತು.

ನನ್ನ ಗಂಡನ ಮುರಿದ ಕಾಲಿನ ಪ್ಲಾಸ್ಟರ್ ಬಿಚ್ಚಿ ಎರಡು ದಿನವಾಗಿತ್ತು. ಮೀನಖಂಡ ಊದಿಕೊಂಡು ಕಲ್ಲಿನಂತಾಗಿತ್ತು. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ಸಂಜೆ ಕರೆತನ್ನಿ, ಅಲ್ಲಿಯವರೆಗೆ ಯಾರೂ ನೀವಬಾರದು ಎಂದು ಡಾಕ್ಟರು ಫೋನಿನಲ್ಲಿ ಹೇಳಿದ್ದರು. ಅದನ್ನು ಅತ್ತೆಗೆ ತಿಳಿಸುವ ಕೆಲಸವನ್ನು ಇವರಿಗೇ ಒಪ್ಪಿಸಿ ಹೋಗಿದ್ದೆ. ಇವರಿಗೋ ಸಂಕೋಚ, ಹೇಳಿರಲೇ ಇಲ್ಲ. ಬೀದಿಯವರ ಉಳುಕೆಲ್ಲ ವಾಸಿ ಮಾಡುವ ತಾಯಿಗೆ, ಮಗನ ಕಾಲು ಮುಟ್ಟಬೇಡ ಅನ್ನುವುದು ಹೇಗೆ? ಇಂಥ ಸಂಕೋಚಕ್ಕಿಷ್ಟು ಬೆಂಕಿ ಹಾಕ.

ಅತ್ತೆ ಮಂಚದ ಪಕ್ಕ ನೆಲದ ಮೇಲೆ ಕೂತು, ಹಿಮ್ಮಡಿಯಿಂದ ಮೊಣಕಾಲಿನವರೆಗೆ ಹೆಬ್ಬೆರಳು ಒತ್ತಿ ಒತ್ತಿ ನೀವುತ್ತಿದ್ದರು.

“ಅತ್ತೆ, ಬಿಡಿ! ಮೊದಲು ಕೈ ತೆಗೀರಿ!”

“ಯಾಕಮ್ಮಾ ಹೀಗೆ ಕಿರುಚ್ತೀಯ? ಗಂಟು ಕರಗ್ತು, ನೋಡು.”

“ಹೂಂ ಕಣೇ, ಕಾಲು ಹಗುರ ಆಯ್ತು,” ಎಂದು ಇವರೂ ನಕ್ಕರು.

ಮುಟ್ಟಿ ನೋಡಿದೆ, ಮೀನಖಂಡ ನಿಜವಾಗಿಯೂ ಮೆತ್ತಗಾಗಿತ್ತು. ಹೆಪ್ಪು ಹಾಗೆಲ್ಲ ಕರಗುವುದಿಲ್ಲ, ಹೊರಡುತ್ತದೆ. ತೊಡೆಯ ರಕ್ತನಾಳ, ಹೊಟ್ಟೆಯ ದೊಡ್ಡ ನಾಳ, ಹೃದಯದ ಬಲಗಡೆಯ ಮೇಲಿನ ಕೋಣೆ, ಆಮೇಲೆ ಕೆಳಗಿನದು. ಅಲ್ಲಿಯವರೆಗೆ ಎಲ್ಲೂ ತಡೆಯಿಲ್ಲ, ನಾಳ ಅಗಲವಾಗುತ್ತಲೇ ಹೋಗುತ್ತದೆ. ಅದಾದ ಮೇಲೆ ಶ್ವಾಸಕೋಶ. ಅಲ್ಲಿ ಕವಲೊಡೆದು ಕವಲೊಡೆದು ಕೂದಲೆಳೆಗಿಂತ ಸಣ್ಣದಾಗುತ್ತದೆ. ಆ ದಾರಿ ನನಗೆ ಗೊತ್ತಿರದಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು.

ಆಂಬುಲೆನ್ಸ್‌ಗೆ ಫೋನ್ ಮಾಡಿ ವಿಳಾಸ ಹೇಳುತ್ತಿದ್ದೆ. ಇವರ ನಗು ನಿಂತಿತು.

“ಯಾಕೋ ಉಸಿರು ಸಾಲ್ತಿಲ್ಲ ಕಣೇ,” ಎಂದು ಎದೆ ಹಿಡಿದುಕೊಂಡರು. ತುಟಿ ನೀಲಿಯಾಗತೊಡಗಿತ್ತು.

ಅತ್ತೆ ಗಾಬರಿಯಿಂದ ಎದ್ದು ಅಂಗೈಗೆ ಮತ್ತೆ ಎಣ್ಣೆ ಸುರಿದುಕೊಂಡರು. “ಎದೆಗೆ ಬಂತಾ ಮಗಾ? ತಾಳು, ಅಲ್ಲೂ ನೀವ್ತೀನಿ.”

ನಾನು ಅವರ ಕೈ ಹಿಡಿದೆ. ಎಣ್ಣೆಗೆ ಜಾರುತ್ತಿತ್ತು, ಬಿಗಿಯಾಗಿ ಹಿಡಿದೆ. ಬಾಯಿಗೆ ಬಂದಂತೆ ಬೈದುಬಿಡುವಷ್ಟು ಸಿಟ್ಟಿತ್ತು. ಅತ್ತೆ ನನ್ನ ಮುಖವನ್ನೇ ನೋಡಿದರು.

“ನಾನೇನಾದ್ರೂ ತಪ್ಪು ಮಾಡಿದ್ನೇನಮ್ಮಾ?”

ಮಂಚದ ಮೇಲೆ ಇವರು ಗಾಳಿಗಾಗಿ ಬಾಯಿ ತೆರೆಯುತ್ತಿದ್ದರು.

“ಇಲ್ಲ ಅತ್ತೆ,” ಎಂದೆ. “ನೀವೇನೂ ಮಾಡಿಲ್ಲ.”